ಅರಸರ ಕುದುರೆಯ ನಡೆ ಉಳಿದಿದೆ. ಫಾತಿಮಾ ಆಡಿದ ಆಟ ಎಲ್ಲಿ?



1933ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಊರಲ್ಲಿ ಬ್ರಿಟಿಷ್ ಮಹಿಳಾ ಚೆಸ್ ಚಾಂಪಿಯನ್‌ಷಿಪ್ ನಡೀತು. ಗೆದ್ದವರು ಇಂಡಿಯಾದಿಂದ ಹೋಗಿದ್ದ, ಇಪ್ಪತ್ತರ ಆಸುಪಾಸಿನ ಫಾತಿಮಾ. 11 ಆಟ, 10 ಗೆಲುವು, 1 ಡ್ರಾ, ಸೋಲು ಸೊನ್ನೆ. ಎರಡನೆಯವರಿಗಿಂತ ಮೂರು ಅಂಕ ಮುಂದೆ. ಈಕೆ ಪಂಜಾಬಿನ ದೊಡ್ಡ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಮನೆಯ ಕೆಲಸದಾಳು. ಗೆದ್ದವರ ಪಟ್ಟಿಯಲ್ಲಿ ಬರೀ 'ಮಿಸ್ ಫಾತಿಮಾ'.

ಅದೇ ಯಜಮಾನನ ಕೈಕೆಳಗಿದ್ದ ಸುಲ್ತಾನ್ ಖಾನ್ 1929, 1932, 1933ರಲ್ಲಿ ಪುರುಷರ ಬ್ರಿಟಿಷ್ ಚಾಂಪಿಯನ್. ಯಜಮಾನ ಇಂಡಿಯಾಕ್ಕೆ ವಾಪಸ್ ಹೊರಟ ಅಂದ್ರೆ ಆಳುಗಳೂ ಹೊರಡಬೇಕು. ಅಲ್ಲಿಗೆ ಇಂಗ್ಲೆಂಡಿನಲ್ಲಿ ಇಬ್ಬರ ಆಟವೂ ನಿಂತಿತು. ಆದರೆ ಸುಲ್ತಾನ್ ಖಾನರ 64 ಆಟಗಳ ಪುಸ್ತಕ 1965ರಲ್ಲಿ ಬಂತು. 2024ರಲ್ಲಿ, ಸತ್ತು ಎಷ್ಟೋ ವರ್ಷದ ಮೇಲೆ, ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯೂ ಬಂತು. ಫಾತಿಮಾದು? ಅಂಕ ಸಿಗುತ್ತೆ, ಪೂರ್ತಿ ಆಟ ಸಿಗೋದು ಬಲು ಕಮ್ಮಿ.

ನಮ್ಮ ಮೈಸೂರನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1868ರಲ್ಲಿ. ಕುದುರೆಯೊಂದನ್ನೇ 64 ಮನೆಗೂ ಓಡಿಸುವ ಅವರ ಚದುರಂಗದ ಲೆಕ್ಕ ಇವತ್ತಿಗೂ ಇದೆ. ಅರಸರ ಬುದ್ಧಿ ದೊಡ್ಡದೇ, ಅನುಮಾನ ಇಲ್ಲ. ಆದರೆ ಅದನ್ನು ಜೋಪಾನ ಮಾಡೋಕೆ ಅರಮನೆ ಇತ್ತು. ಆಳುಮಗಳ ಬುದ್ಧಿಗೆ ಯಾರಿದ್ದರು?

ಟೂರ್ನಿಯಲ್ಲಿ ಇಬ್ಬರೂ ಆಟಗಾರರು ಒಂದೊಂದು ನಡೆಯನ್ನೂ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಆ ಹಾಳೆಗಳಲ್ಲಿ ಯಾವುದು ಅಚ್ಚಾಗಬೇಕು ಅನ್ನೋದು ಪತ್ರಿಕೆಯ ಚೆಸ್ ಅಂಕಣಕಾರನ ಕೈಲಿತ್ತು. ಅಚ್ಚಾದದ್ದು ಉಳೀತು, ಮಿಕ್ಕಿದ್ದು ರದ್ದಿಗೆ ಹೋಯ್ತು. ಹಾಗಾಗಿ ಫಾತಿಮಾ ಆಟ ಹುಡುಕೋರು 1932-33ರ ಇಂಗ್ಲೆಂಡಿನ ಪತ್ರಿಕೆಗಳನ್ನು ಪುಟಪುಟವಾಗಿ ತಿರುವಬೇಕು. ಆಕೆಗೆ ಸೋತವರ ಮನೆಯ ಹಳೇ ಪೆಟ್ಟಿಗೆಗಳನ್ನೂ ಕೇಳಬೇಕು. ಹೌದು, ಗೆದ್ದವಳ ಚರಿತ್ರೆ ಸೋತವರ ಪೆಟ್ಟಿಗೆಯಲ್ಲಿ! ನಡೆ ಬರೆಯೋ ರೀತಿಯೂ ಆಗ ಬೇರೆ. ಈಗ 'ಇ4' ಅನ್ನೋದನ್ನ ಆಗ 'ಪಿ-ಕೆ4' ಅಂತಿದ್ದರು. ಅದನ್ನೂ ಓದೋಕೆ ಕಲೀಬೇಕು.

ಫಾತಿಮಾ ಗೆದ್ದ 41 ವರ್ಷಕ್ಕೆ, 1974ರಲ್ಲಿ, ನಮ್ಮ ದೇಶದ ಮೊದಲ ರಾಷ್ಟ್ರೀಯ ಮಹಿಳಾ ಚೆಸ್ ಚಾಂಪಿಯನ್‌ಷಿಪ್ ಬೆಂಗಳೂರಲ್ಲಿ ನಡೀತು. ಗೆದ್ದವರು 1961ರಲ್ಲಿ ಹುಟ್ಟಿದ ವಾಸಂತಿ ಖಾಡಿಲ್ಕರ್. ಎಳೇ ಹುಡುಗಿ. ಅವಕಾಶ ಕೊಟ್ಟರೆ ಹೆಣ್ಣುಮಕ್ಕಳು ಆಡ್ತಾರೆ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

ಇದು ನಮಗ್ಯಾಕೆ ಅಂತೀರಾ? 1933ರಲ್ಲಿ ಕೊಳ್ಳೇಗಾಲ, ಹನೂರು ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ನಮ್ಮ ಅಜ್ಜಿಯರನ್ನ ಹುಡುಕೋಕೆ ಎರಡು ರಾಜ್ಯದ ಕಡತ ತೆಗೀಬೇಕು. ತೆಗೆದರೂ ಸಿಗೋದು ಜಾತಿ, ಕೂಲಿ, ಕಂದಾಯ. ಅವರ ಹಾಡು, ಆಟ, ಜಾಣತನ ಯಾವ ಗುಮಾಸ್ತನೂ ಬರೆದಿಡಲಿಲ್ಲ. ನಾನೂ ಗುಮಾಸ್ತನೇ, ಯಾವ ಕಾಲಂ ಇರುತ್ತೆ, ಯಾವುದು ಇರಲ್ಲ ಅಂತ ಗೊತ್ತು.

ಅದಕ್ಕೆ ಒಂದು ಕೆಲಸ ಮಾಡಿ. ನಿಮ್ಮ ಕೇರಿಯ, ಹಾಸ್ಟೆಲ್ಲಿನ ಹೆಣ್ಣುಮಕ್ಕಳು ಚೆಸ್ಸೋ ಕಬಡ್ಡಿಯೋ ಆಡಿದರೆ ಹೆಸರು, ತಾರೀಖು, ಎದುರಾಳಿ, ಅಂಕ ಬರೆದಿಡಿ. ಚೆಸ್ ಆದರೆ ಪ್ರತಿ ನಡೆಯನ್ನೂ ಬರೆಸಿ. ಎರಡು ರೂಪಾಯಿ ಪೆನ್ನು ಸಾಕು. ನಾಳೆ ನಮ್ಮ ಮಕ್ಕಳ ಆಟವನ್ನ ಬೇರೆಯವರ ಪೆಟ್ಟಿಗೆಯಲ್ಲಿ ಹುಡುಕೋ ಗತಿ ಬರಬಾರದು.

ಜೈ ಭೀಮ್.