ಉಪ್ಪುಮೇವು, ಕುರಿಮರಿ ಮತ್ತು ಚಿನ್ನದ ಗಣಿಯ ದಿಬ್ಬ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಹೋದವರು ಕಿಟಕಿಯಾಚೆ ತಲೆ ಚಪ್ಪಟೆಯಾದ ದೊಡ್ಡ ದಿಬ್ಬಗಳನ್ನು ಕಂಡಿರುತ್ತೀರಿ. ಜನ ಅವನ್ನು 'ಸಯನೈಡ್ ದಿಬ್ಬ' ಎನ್ನುತ್ತಾರೆ. ಅಲ್ಲಿ ಹುಲ್ಲು ಬೆಳೆಯುವುದೇ ಕಷ್ಟ. ನಿಮ್ಮ ತರಗತಿಯಲ್ಲಿ ಯಾರಾದರೂ ಹೀಗೆ ಕೇಳಬಹುದು: ಉಪ್ಪು ನೆಲದಲ್ಲೂ ಬೆಳೆಯುವ ಮೇವು ಇದೆಯಲ್ಲ, ಅದನ್ನು ಈ ದಿಬ್ಬಗಳ ಮೇಲೆ ಬೆಳೆಸಿ ಕುರಿ ಮೇಯಿಸಬಾರದೇಕೆ? ಉತ್ತರ ಹೇಳುವ ಮೊದಲು ಎರಡು ಇತಿಹಾಸಗಳನ್ನು ನೋಡಬೇಕು.

ಉಪ್ಪುಮೇವಿನ ಕಥೆ

ಚೌಳು ನೆಲ ನಮಗೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಉಪ್ಪು ತೆಗೆಯುತ್ತಿದ್ದರು. ಕುರಿಗೂ ಉಪ್ಪು ಬೇಕೆಂಬುದು ಕುರಿಗಾಹಿಗಳಿಗೆ ತಿಳಿದಿತ್ತು. ಫ್ರಾನ್ಸಿನ ಮಾಂ ಸೇಂ ಮಿಶೆಲ್ ಕೊಲ್ಲಿಯ ಬಳಿ ಸಮುದ್ರದ ನೀರು ಆಗಾಗ ಮುಳುಗಿಸುವ ಹುಲ್ಲುಗಾವಲಿನಲ್ಲಿ ಮೇದ ಕುರಿಮರಿಯ ಮಾಂಸಕ್ಕೆ ಬಹುಕಾಲದಿಂದ ಬೇಡಿಕೆಯಿದೆ. ಆಸ್ಟ್ರೇಲಿಯದ ಒಣಪ್ರದೇಶಗಳಲ್ಲಿ ಬರ ಬಂದಾಗ ಕುರಿಗಳನ್ನು ಉಳಿಸಿದ್ದು ಸಾಲ್ಟ್‌ಬುಷ್ ಎಂಬ ಪೊದೆ. ಇದರ ಸಸ್ಯಕುಲ ಆಟ್ರಿಪ್ಲೆಕ್ಸ್.

ಈ ಮೇವಿನಿಂದ ಮಾಂಸಕ್ಕೆ ಏನಾಗುತ್ತದೆ? ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಾರ್ಲಿಯ ಜೊತೆಗೆ ಸಾಲ್ಟ್‌ಬುಷ್ ಮೇಯಿಸಿ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಕುರಿಯ ದೇಹದಲ್ಲಿ ಕೊಬ್ಬು ಕಡಿಮೆಯಾಗಿ ಮಾಂಸದ ಪಾಲು ಹೆಚ್ಚಿತ್ತು, ರುಚಿ ಕೆಟ್ಟಿರಲಿಲ್ಲ. ಹಸಿರಾಗಿಯೇ ಇರುವ ಈ ಎಲೆಗಳಲ್ಲಿ ವಿಟಮಿನ್ 'ಇ' ಹೇರಳ. ಅದು ಮಾಂಸಕ್ಕೂ ಸೇರಿ, ಕೆಂಪು ಬಣ್ಣ ಬೇಗನೆ ಕಂದಾಗದಂತೆ ತಡೆಯುತ್ತದೆ.

ಆದರೆ ಇದಕ್ಕೊಂದು ಮಿತಿಯಿದೆ. ಒಣಗಿದ ಎಲೆಯಲ್ಲಿ ಐದರಲ್ಲೊಂದು ಪಾಲು ಉಪ್ಪಿದೆ ಎಂದುಕೊಳ್ಳಿ. ಒಂದು ಕಿಲೋಗ್ರಾಂ ಒಣಮೇವು ತಿಂದ ಕುರಿಯ ಹೊಟ್ಟೆಗೆ 200 ಗ್ರಾಂ ಉಪ್ಪು ಸೇರುತ್ತದೆ! ಅದನ್ನು ಮೂತ್ರದಲ್ಲಿ ಹೊರಹಾಕಲು ಕುರಿಗೆ ಬಹಳಷ್ಟು ಸಿಹಿನೀರು ಬೇಕು. ಉಪ್ಪು ಹೆಚ್ಚಾದಂತೆ ಕುರಿ ತಿನ್ನುವುದೂ ಕಡಿಮೆಯಾಗಿ ತೂಕ ಏರದು. ಆದ್ದರಿಂದ ಉಪ್ಪುಮೇವನ್ನು ಧಾನ್ಯ ಅಥವಾ ಬೇರೆ ಮೇವಿನೊಂದಿಗೆ ಬೆರೆಸಿಯೇ ಕೊಡಬೇಕು.

ದಿಬ್ಬದ ಕಥೆ

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರದ ಗಣಿಗಳಿಗೆ ಕಾಲಿಟ್ಟಿತು. ಮೈಸೂರು ಮೈನ್ಸ್ ಅಲ್ಲಿನ ಮುಖ್ಯ ಗಣಿಗಳಲ್ಲೊಂದು. ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಸಯನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನ ಇದು. ಉಳಿದ ಪುಡಿಯೇ ದಿಬ್ಬವಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚು ತ್ಯಾಜ್ಯ.

ಹೆಸರಿನಲ್ಲಿ ಸಯನೈಡ್ ಇದ್ದರೂ ಅದು ಬಿಸಿಲು ಗಾಳಿಗೆ ಕ್ರಮೇಣ ಒಡೆಯುತ್ತದೆ. ಉಳಿಯುವ ತೊಂದರೆ ಬೇರೆಯದು. ಅದಿರಿನ ಜೊತೆಗೆ ಪೈರ್ರೊಟೈಟ್, ಆರ್ಸೆನೊಪೈರೈಟ್‌ನಂಥ ಸಲ್ಫೈಡ್ ಖನಿಜಗಳಿದ್ದವು. ಪುಡಿಯಾದ ಸಲ್ಫೈಡು ಗಾಳಿ ಮತ್ತು ಮಳೆನೀರು ತಗುಲಿದರೆ ಉತ್ಕರ್ಷಣಗೊಂಡು ಸಲ್ಫ್ಯೂರಿಕ್ ಆಮ್ಲವೂ ಸಲ್ಫೇಟ್ ಲವಣಗಳೂ ಆಗುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ತ್ಯಾಜ್ಯವನ್ನು ಸಯನೈಡ್ ಮತ್ತು ಆಮ್ಲದ ಒಸರು ಎರಡರ ದೃಷ್ಟಿಯಿಂದಲೂ ಪರಿಶೀಲಿಸಿದರು.

ಯಾವ ಉಪ್ಪು?

ಈಗ ನಮ್ಮ ಪ್ರಶ್ನೆಗೆ ಬರೋಣ. ಕಡಲತೀರದ ಉಪ್ಪು ಮುಖ್ಯವಾಗಿ ಸೋಡಿಯಂ ಕ್ಲೋರೈಡ್. ಗಣಿಯ ದಿಬ್ಬದ ಉಪ್ಪಿನಲ್ಲಿ ಸಲ್ಫೇಟಿಗೆ ದೊಡ್ಡ ಪಾಲು. ಎರಡೂ ಒಣಗಿದಾಗ ಕಣ್ಣಿಗೆ ಬಿಳಿಯೇ! ಆದರೆ ಕುರಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಸಲ್ಫೇಟನ್ನು ಹೈಡ್ರೊಜನ್ ಸಲ್ಫೈಡ್ ಅನಿಲವನ್ನಾಗಿಸುತ್ತವೆ. ಅದು ಅತಿಯಾದರೆ ಮಿದುಳಿಗೆ ಹಾನಿ. ಆರ್ಸೆನಿಕ್ ಒಂದು ಧಾತು. ಅದು ಸಯನೈಡಿನಂತೆ ಒಡೆದುಹೋಗದು. ಬೇರು ಅದನ್ನು ಹೀರಬಹುದು, ಎಲೆಯ ಮೇಲೆ ಧೂಳಾಗಿಯೂ ಕೂರಬಹುದು. ಎಲೆಯಿಂದ ಕುರಿಗೆ, ಕುರಿಯಿಂದ ನಮಗೆ ದಾರಿ ಉದ್ದವೇನಲ್ಲ.

ಇದನ್ನು ತರಗತಿಯಲ್ಲಿ ಅರ್ಥಮಾಡಿಸುವುದು ಸುಲಭ. ಕೆರೆಯಂಚಿನ ಚೌಳು ಮಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ ಸೋಸಿರಿ. ಒಂದು ಪ್ರನಾಳದಲ್ಲಿ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಸಿಲ್ವರ್ ನೈಟ್ರೇಟ್ ಬೆರೆಸಿದಾಗ ಬಿಳಿಯ ಗಷ್ಟು ಬಂದರೆ ಕ್ಲೋರೈಡ್ ಇದೆ. ಇನ್ನೊಂದರಲ್ಲಿ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲ ಹಾಕಿ ಬೇರಿಯಂ ಕ್ಲೋರೈಡ್ ಬೆರೆಸಿದಾಗ ಬಂದರೆ ಸಲ್ಫೇಟ್ ಇದೆ. ಬೇರಿಯಂ ಲವಣ ವಿಷ. ಆ ಭಾಗವನ್ನು ಅಧ್ಯಾಪಕರೇ ಮಾಡಲಿ. ದಿಬ್ಬದ ಮಣ್ಣನ್ನು ಮಾತ್ರ ತರಬೇಡಿ. ಈ ಪರೀಕ್ಷೆ ಆರ್ಸೆನಿಕ್ಕನ್ನು ತೋರಿಸದು ಎಂಬುದನ್ನೂ ಮರೆಯಬೇಡಿ.

ದಿಬ್ಬಗಳಿಗೆ ಹಸಿರು ಹೊದಿಕೆ ಬೇಕು, ಧೂಳು ಏಳದಿರಲು. ಅದಕ್ಕೆ ಉಪ್ಪು ಸಹಿಸುವ ಸಸ್ಯಗಳು ನೆರವಾದಾವು. ಆದರೆ ಹೊದಿಕೆ ಬೇರೆ, ಮೇವು ಬೇರೆ. ಎಲೆ, ನೀರು, ಮಾಂಸ ಮೂರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಕುರಿಯನ್ನು ಅಲ್ಲಿಗೆ ಬಿಡದಿರುವುದೇ ಲೇಸು. ಉಪ್ಪುಮೇವಿನ ಒಳಿತು ನಿಜ; ಚೌಳು ಹೊಲವಿರುವ ರೈತ ಅದನ್ನು ಪ್ರಯತ್ನಿಸಲಿ. 'ಉಪ್ಪು' ಎಂಬ ಒಂದೇ ಪದವನ್ನು ನಂಬಿ ಹೊಲದ ಪಾಠವನ್ನು ದಿಬ್ಬಕ್ಕೆ ಒಯ್ಯುವುದು ಬೇಡ.