ಚಿಕ್ಕಮ್ಮನ ಕೈಗಳು

ನಮ್ಮ ಚಿಕ್ಕಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ನೆಂಟರೆದುರು ಅವಳು ಕೈಯಾಡಿಸಿ ಏನಾದರೂ ಹೇಳಹೊರಟರೆ, ಅಜ್ಜಿ ಮೆಲ್ಲಗೆ ಆ ಕೈಗಳನ್ನು ಹಿಡಿದು ಅವಳ ಮಡಿಲಿಗೇ ಇಳಿಸಿಬಿಡುತ್ತಿದ್ದರು. ಶಾಲೆಯಲ್ಲೂ ಅಷ್ಟೇ, ಸನ್ನೆ ಮಾಡಬಾರದು, ತುಟಿ ನೋಡಿ ಮಾತು ಕಲಿಯಬೇಕು. ಈ ಕಟ್ಟಳೆ ಎಲ್ಲಿಂದ ಬಂತೆಂದು ಹುಡುಕಹೊರಟ ನನಗೆ ಸಿಕ್ಕಿದ್ದು ಇಟಲಿಯ ಎರಡು ಊರುಗಳು.

ಮೊದಲನೆಯದು ಮಿಲಾನ್. 1880ರ ಸೆಪ್ಟೆಂಬರಿನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಅಲ್ಲಿ ಸಮ್ಮೇಳನ ನಡೆಸಿ, ಪಾಠಕ್ಕೆ ಬಾಯಿಮಾತೇ ಸರಿ, ಸನ್ನೆ ಬೇಡ ಎಂದು ನಿರ್ಣಯಿಸಿದರು. ಸೇರಿದ್ದ 160ಕ್ಕೂ ಹೆಚ್ಚು ಮಂದಿಯಲ್ಲಿ ಕಿವುಡರು ಒಬ್ಬಿಬ್ಬರು ಮಾತ್ರ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಒಳಕೋಣೆಯಲ್ಲಿ ಕೂತು, ನಡುಮನೆಯಲ್ಲಿ ತಮ್ಮ ಬದುಕು ತೀರ್ಮಾನವಾಗುವುದನ್ನು ಕೇಳಿಸಿಕೊಂಡ ನಮಗೆ ಇದೇನು ಹೊಸ ಸಂಗತಿಯಲ್ಲ. ಅನೇಕ ದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ಗಾಳಿ ನಮ್ಮ ದೇಶದ ಶಾಲೆಗಳಿಗೂ ಬೀಸಿತು.

ಎರಡನೆಯದು ರೋಮ್. 1951ರ ಸೆಪ್ಟೆಂಬರಿನಲ್ಲಿ ಇಟಲಿಯ ಕಿವುಡರ ಸಂಘದ ಕರೆಗೆ 25 ದೇಶಗಳ ಪ್ರತಿನಿಧಿಗಳು ಬಂದರು. 23ನೇ ತಾರೀಖು ವಿಶ್ವ ಕಿವುಡರ ಒಕ್ಕೂಟ ಹುಟ್ಟಿತು. ಇಂದು ಅದರಲ್ಲಿ 130ಕ್ಕೂ ಹೆಚ್ಚು ದೇಶಗಳ ಸಂಘಗಳಿವೆ. ಆಡಳಿತ ಮಂಡಳಿಯಲ್ಲಿ ಕೂರುವವರು ಕಿವುಡರೇ.

ಈ ಕಥೆಯಲ್ಲಿ ನನ್ನ ಮನಸ್ಸು ನಿಂತದ್ದು ಲೀಸಾ ಕೌಪ್ಪಿನೆನ್ ಎಂಬ ಫಿನ್ಲೆಂಡಿನ ಕಿವುಡ ಹೆಣ್ಣುಮಗಳ ಬಳಿ. 1987ರಲ್ಲಿ ಆಕೆ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾದರು. ಕಚೇರಿ ಹೆಲ್ಸಿಂಕಿಗೆ ಬಂತು. 1995ರಲ್ಲಿ ಅಧ್ಯಕ್ಷೆಯಾದರು. ಆ ಪೀಠಕ್ಕೆ ಅವರೇ ಮೊದಲ ಮಹಿಳೆ. ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಬರೆಯುತ್ತಿದ್ದಾಗ ಆಕೆಯೂ ಸಂಗಡಿಗರೂ ಪಟ್ಟುಹಿಡಿದು ದುಡಿದರು. 2006ರಲ್ಲಿ ಅಂಗೀಕಾರವಾದ ಆ ಒಡಂಬಡಿಕೆಯಲ್ಲಿ, ಭಾಷೆ ಎಂದರೆ ಆಡುಭಾಷೆಯೂ ಹೌದು, ಸನ್ನೆಭಾಷೆಯೂ ಹೌದು ಎಂದಾಯಿತು. ಮರುವರ್ಷವೇ ಭಾರತವೂ ಅದನ್ನು ಒಪ್ಪಿತು. 2013ರಲ್ಲಿ ಕೌಪ್ಪಿನೆನ್ ಅವರಿಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಬಂತು. ಒಕ್ಕೂಟ ಹುಟ್ಟಿದ ಸೆಪ್ಟೆಂಬರ್ 23, 2018ರಿಂದ ಅಂತಾರಾಷ್ಟ್ರೀಯ ಸನ್ನೆಭಾಷೆಗಳ ದಿನವಾಗಿದೆ.

ಮಿಲಾನಿನ ತಪ್ಪಿಗೆ ವಿಷಾದ ವ್ಯಕ್ತವಾಗಲು 130 ವರ್ಷ ಬೇಕಾಯಿತು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕಿವುಡರ ಶಿಕ್ಷಣ ಸಮ್ಮೇಳನವು ಆ ಹಳೆಯ ನಿರ್ಣಯಗಳನ್ನು ತಳ್ಳಿಹಾಕಿತು. ಚಿಕ್ಕಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು.

ಬಡಿಸುವುದಕ್ಕೆ, ಮಲಗುವುದಕ್ಕೆ, ಬಾ ಹೋಗು ಎನ್ನುವುದಕ್ಕೆ ಬೇಕಾದ ನಾಲ್ಕು ಸನ್ನೆಗಳ ಆಚೆಗೆ ನಾವು ಮನೆಮಂದಿ ಅವಳ ಭಾಷೆಯನ್ನು ಕಲಿಯಲೇ ಇಲ್ಲ. ಅವಳಾದರೋ ನಮಗೆಲ್ಲ ಒಂದೊಂದು ಹೆಸರಿಟ್ಟಿದ್ದಳು. ನನ್ನ ಗಲ್ಲದಲ್ಲೊಂದು ಮಚ್ಚೆಯಿದೆ. ತನ್ನ ಗಲ್ಲವನ್ನು ಬೆರಳಿನಿಂದ ಎರಡು ಸಲ ಮುಟ್ಟಿದಳೆಂದರೆ ಅದು ನಾನು. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ.