ಎಲ್ಲರಿಗೂ ಒಂದೇ ಫೋರ್ಟ್ರಾನ್

ನಮ್ಮ ಕಾಲೇಜಿನ ಹುಡುಗರಿಗೆ ಕಂಪೈಲರ್ ಎಂದರೆ ಅವರವರ ಲ್ಯಾಪ್‌ಟಾಪಿನ ಸ್ವಂತ ಆಸ್ತಿ. ಮುಂಬೈಯಲ್ಲಿ ಅದು ಒಂದು ಕಾಲಕ್ಕೆ ಊರೊಟ್ಟಿನ ಸೊತ್ತಾಗಿತ್ತು.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತಾನೇ ಕಟ್ಟಿದ ಕಂಪ್ಯೂಟರ್ 1960ರಲ್ಲಿ ಕೆಲಸ ಶುರುಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಯಂತ್ರದ ಸಂಕೇತದಲ್ಲೇ ಲೆಕ್ಕ ಬರೆದು, ಕಾಗದದ ಪಟ್ಟಿಗೆ ತೂತು ಹೊಡೆದು ಉಣಿಸಬೇಕಿತ್ತು. 1964ರಲ್ಲಿ ಅಮೆರಿಕದ ಸಿಡಿಸಿ 3600 ಬಂತು, ಜೊತೆಗೆ ಫೋರ್ಟ್ರಾನ್ ಭಾಷೆಯ ಕಂಪೈಲರ್. ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳು ಪ್ರೋಗ್ರಾಂ ತೂತು ಹೊಡೆದಿಟ್ಟ ಕಾರ್ಡಿನ ಕಟ್ಟುಗಳೆಲ್ಲ ಕೊಲಾಬಾದ ಹಾದಿ ಹಿಡಿದವು. ಕಟ್ಟಿನ ತಲೆಯಲ್ಲಿ ಕಂಟ್ರೋಲ್ ಕಾರ್ಡ್ ಇಟ್ಟರೆ ಕಂಪೈಲರ್ ಹಾಜರು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದುವ ಕೆಲಸ ಮಾತ್ರ ಯಂತ್ರ ನೋಡಿಕೊಳ್ಳುವವರದು. ಯುನಿಕ್ಸ್ ಬಂದಮೇಲೆ ಈ ಕಟ್ಟಳೆಯೇ ಕಡತಗಳ ಅನುಮತಿಯಾಗಿ ಮುಂದುವರಿಯಿತು.

ಆ ಕಟ್ಟಳೆಯನ್ನು ಮುರಿದದ್ದು ಪಿಸಿ. ನಾನು ಅಂಧೇರಿ ಕಡೆಯ ಕಾಲೇಜೊಂದರ ಲ್ಯಾಬಿಗೆ ಸೇರಿದಾಗ ಟರ್ಬೊ ಸಿ ಕಂಪೈಲರಿನ ಫ್ಲಾಪಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ತಿರುಗುವುದೇ ಉದ್ಯೋಗ. ಯಾರು ಬೇಕಾದರೂ ಏನನ್ನಾದರೂ ಅಳಿಸಬಹುದಿತ್ತು, ಅಳಿಸುತ್ತಲೂ ಇದ್ದರು!

ಮುಂದೆ ಲಿನಕ್ಸ್ ಸರ್ವರ್ ಬಂದಾಗ, ಕಂಪೈಲರ್ ಒಬ್ಬನದೋ ಎಲ್ಲರದೋ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಜಾಣ ವಿದ್ಯಾರ್ಥಿಯೊಬ್ಬ ಜಾವಾವನ್ನು ತನ್ನ ಹೋಮ್ ಡೈರೆಕ್ಟರಿಯಲ್ಲಿ ಇಳಿಸಿಕೊಂಡ. ಅವನಿಗೆ ಸರಾಗ, ಪಕ್ಕದ ಟರ್ಮಿನಲ್ಲಿನ ಹುಡುಗಿಗೆ ಮಾತ್ರ ‘ಆ ಆದೇಶವೇ ಇಲ್ಲ’ ಎಂಬ ಉತ್ತರ. "ಸರ್, ಅವನದ್ದರಲ್ಲಿ ಬರ್ತದೆ, ನನ್ನದ್ದರಲ್ಲಿ ಯಾಕೆ ಬರೋದಿಲ್ಲ?" ಅವನ ಮನೆಯೊಳಗಿನ ಜಾವಾ ಅವಳಿಗೆ ಹೇಗೆ ಸಿಕ್ಕೀತು? ಯಂತ್ರದ ಪೂರ್ಣ ಅಧಿಕಾರವಿರುವ ರೂಟ್ ಆಗಿ ಒಳಹೊಕ್ಕು ಜಾವಾವನ್ನು ‘ಆಪ್ಟ್’ ಡೈರೆಕ್ಟರಿಯಲ್ಲಿ ಇಳಿಸಿದೆ. ಒಡೆತನ ರೂಟ್‌ಗೆ, ಅನುಮತಿ 755: ಓದಲು, ನಡೆಸಲು ಎಲ್ಲರಿಗೂ ಹಕ್ಕು, ಬರೆಯಲು ಒಡೆಯನಿಗೆ ಮಾತ್ರ. ಆಮೇಲೆ ಎಲ್ಲರ ಲಾಗಿನ್ನಿಗೂ ಅನ್ವಯಿಸುವ ‘ಪ್ರೊಫೈಲ್’ ಕಡತದಲ್ಲಿ ಪಾತ್, ಅಂದರೆ ಆದೇಶವನ್ನು ಎಲ್ಲಿ ಹುಡುಕಬೇಕೆಂಬ ದಾರಿ, ಸೇರಿಸಿದೆ. ಬರೀ ನಕಲು ಮಾಡಿ ಪಾತ್ ಮರೆಯುವವರೇ ಜಾಸ್ತಿ.

ಈಗಿನ ಲ್ಯಾಬ್ ಸಹಾಯಕರಲ್ಲಿ ನನ್ನದೊಂದು ಬಿನ್ನಹ. ಹೊಸ ಆವೃತ್ತಿ ಬಂದರೆ ಬೇರೆ ಡೈರೆಕ್ಟರಿಯಲ್ಲಿ ಹಾಕಿ, ಪ್ರಾಕ್ಟಿಕಲ್ ಪರೀಕ್ಷೆ ಮುಗಿಯುವ ತನಕ ಹಳೆಯದನ್ನು ಅಳಿಸಬೇಡಿ.